ದಪ್ಪ ತಂತಿಯ ವಕಾಲತ್ತು

ಆಂಪ್ಲಿಫೈಯರ್ ಆರಿಸುವುದು ಕಿವಿಯ ಕೆಲಸ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕಿವಿ ಸಾಕ್ಷಿ ಮಾತ್ರ. ಸಾಕ್ಷಿಗೆ ಪಾಟೀಸವಾಲು ಹಾಕದೆ ತೀರ್ಪು ಬರೆಯುವ ನ್ಯಾಯಾಧೀಶನನ್ನು ಯಾರೂ ಮೆಚ್ಚುವುದಿಲ್ಲ. ಆದರೆ ಅಂಗಡಿಯಲ್ಲಿ ಪೆಟ್ಟಿಗೆಯ ಗುಂಡಿ ತಿರುಗಿಸಿ, ಎರಡು ಸಲ ತಲೆದೂಗಿ, ‘ಇದು ಚೆನ್ನಾಗಿದೆ’ ಎಂದು ಹೊತ್ತುಕೊಂಡು ಬರುವವನನ್ನು ರಸಿಕ ಎನ್ನುತ್ತಾರೆ. ಮೂರು ವರ್ಷದ ಹಿಂದೆಯೂ ನನ್ನ ಅಭಿಪ್ರಾಯ ಇದೇ, ಈಗಲೂ ಇದೇ. ನಡುವೆ ನಡೆದದ್ದು ಈ ಅಭಿಪ್ರಾಯಕ್ಕೆ ವಿರುದ್ಧವಾದ ಸಾಕ್ಷ್ಯ ಎಂದು ನನ್ನ ಗೆಳೆಯ ಹೇಳುತ್ತಾನೆ. ಅವನಿಗೆ ವಾದಿಸಲು ಬರುವುದಿಲ್ಲ. ಆದ್ದರಿಂದ ಅವನ ಪಕ್ಷವನ್ನೂ ನಾನೇ ಮಂಡಿಸಬೇಕಾಗಿದೆ.

ಆಗ ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ತಂದ ಬಟ್ಟಲುಗಳನ್ನು ಅಮ್ಮ ಅರಿಸಿನ ಕುಂಕುಮಕ್ಕೆ ಇಟ್ಟುಕೊಂಡಿದ್ದಳು. ತಾತ ಅರಮನೆಯ ಕಚೇರಿಯಲ್ಲಿ ಕಡತ ಬರೆದವರು, ಅಪ್ಪ ಸಂಸ್ಕೃತ ಪಂಡಿತರು. ನಮ್ಮ ಮನೆಯಲ್ಲಿ ಹುಳಿ ತಣ್ಣಗಾದರೂ ಚರ್ಚೆ ತಣ್ಣಗಾಗುತ್ತಿರಲಿಲ್ಲ. ಗೆಳೆಯ ಕಡಕೊಳದ ಒಕ್ಕಲುಮನೆಯವನು. ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಮುಂದೆ ಅವನು ಓದು ಬಿಟ್ಟು ಮೈಸೂರಿನ ಗಿರಣಿಯೊಂದರಲ್ಲಿ ಹಾಜರಿ ಗುಮಾಸ್ತನಾದ. ನಂಜನಗೂಡಿನ ರೈಲಿನಲ್ಲಿ ಬೆಳಗ್ಗೆ ಬರುವುದು, ಸಂಜೆ ಹೋಗುವುದು. ರೇಡಿಯೋದಲ್ಲಿ ಸಿನಿಮಾ ಹಾಡು ಬಂದರೆ ಲೋಕವೆಲ್ಲ ಮೇಲಿನ ರಾಗವನ್ನು ಗುನುಗುತ್ತದೆ. ಇವನು ಅದರ ಕೆಳಗೆ ನಡೆಯುವುದನ್ನು ಗುನುಗುತ್ತಿದ್ದ. ದುಂ, ದುಂ, ದುದುಂ. ‘ಹಾಡು ಎಲ್ಲಿದೆ ಅದರಲ್ಲಿ?’ ಎಂದು ಕೇಳಿದರೆ, ‘ಹಾಡು ನಿಂತಿರೋದೇ ಅದರ ಮ್ಯಾಲೆ ಕಣೋ’ ಎನ್ನುತ್ತಿದ್ದ. ಆಧಾರವಿಲ್ಲದ ಪ್ರತಿಪಾದನೆ ಎಂದು ನಾನು ತಳ್ಳಿಹಾಕುತ್ತಿದ್ದೆ.

ಬೇಸ್ ಗಿಟಾರ್ ನುಡಿಸಬೇಕು, ಅದನ್ನು ಒಂದು ವಾದ್ಯಗೋಷ್ಠಿಯಲ್ಲಿ ನುಡಿಸಬೇಕು. ಅವನಿಗಿದ್ದ ಆಸೆ ಇಷ್ಟೇ. ನಮ್ಮ ಊರಲ್ಲಿ ಆಗ ಮದುವೆಯ ಆರತಕ್ಷತೆಗಳಿಗೆ ನುಡಿಸುವ ಒಳ್ಳೆಯ ಗೋಷ್ಠಿ ಎಂದರೆ ನಜರ್‌ಬಾದಿನ ಮೇಷ್ಟ್ರದು. ಅವರು ಅರಮನೆಯ ಬ್ಯಾಂಡಿನಲ್ಲಿ ಇಪ್ಪತ್ತು ವರ್ಷ ಊದಿ, ಹಲ್ಲು ಸಡಿಲವಾದ ಮೇಲೆ ಅಕಾರ್ಡಿಯನ್ ಹಿಡಿದವರು. ಅವರ ಮನೆಯ ಹಿಂದೆ ಒಂದು ಹಳೆಯ ಕುದುರೆ ಲಾಯ ಇತ್ತು. ಕುದುರೆ ಹೋಗಿ ಬಹಳ ಕಾಲವಾಗಿತ್ತು. ಅಭ್ಯಾಸ ನಡೆಯುತ್ತಿದ್ದುದು ಅಲ್ಲೇ. ಗೆಳೆಯ ಮೂರು ತಿಂಗಳು ಅಲ್ಲಿಗೆ ಹೋಗಿ ಕುರ್ಚಿ ಹಾಕುವುದು, ಎತ್ತಿಡುವುದು ಮಾಡಿದ ಮೇಲೆ ಮೇಷ್ಟ್ರು ಒಂದು ದಿನ ಹೇಳಿದರು:

“ವಾದ್ಯ ತಗೊಂಡ್ ಬಾರಪ್ಪ, ನೋಡಣ.”

ವಾದ್ಯ ಎಲ್ಲಿಂದ ತರುವುದು? ಮೈಸೂರಿನ ಯಾವ ಅಂಗಡಿಯಲ್ಲೂ ಬೇಸ್ ಗಿಟಾರ್ ಇರಲಿಲ್ಲ. ಬೆಂಗಳೂರಿನ ದಂಡಿನಲ್ಲಿ ಯಾರೋ ಒಬ್ಬರ ಹತ್ತಿರ ಇದೆಯಂತೆ ಎಂಬ ಸುದ್ದಿ ಇತ್ತು. ‘ಅಂತೆ’ಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಮಾಡಿಸಿದೆವು. ವಿದೇಶಿ ಪತ್ರಿಕೆಯೊಂದರ ಚಿತ್ರ ನೋಡಿ ಗೆಳೆಯ ಅಳತೆ ಬರೆದ. ಶಿವರಾಂಪೇಟೆಯ ಹಿಂದಿನ ಓಣಿಯಲ್ಲಿದ್ದ ವೀಣೆ ಮಾಡುವ ಆಚಾರ್ರು ಹಲಸಿನ ಮರದಲ್ಲಿ ಮೈ ಕಡೆದುಕೊಟ್ಟರು. ‘ಇದಕ್ಕೆ ಬುರುಡೆ ಇಲ್ವಾ?’ ಎಂದು ಮೂರು ಸಲ ಕೇಳಿದರು. ಇಲ್ಲ ಎಂದಾಗ, ಕೈಯಿಲ್ಲದ ಮಗುವನ್ನು ನೋಡಿದಂತೆ ಅದನ್ನು ನೋಡಿ, ಮೆಟ್ಟಿಲುಗಳನ್ನು ಮಾತ್ರ ವೀಣೆಯಷ್ಟೇ ಶ್ರದ್ಧೆಯಿಂದ ಕೂರಿಸಿದರು. ಪಿಕಪ್ ಮಾಡಿದವರು ಮಂಡಿ ಮೊಹಲ್ಲಾದ ರೇಡಿಯೋ ಸಾಹೇಬರು. ಪಿಕಪ್ ಎಂದರೆ ತಂತಿಗಳ ಕೆಳಗೆ ಕೂತು ಅವುಗಳ ನಡುಕವನ್ನು ವಿದ್ಯುತ್ತಾಗಿ ಮಾಡುವ ಸಣ್ಣ ಡಬ್ಬಿ. ಹಳೆಯ ಟೆಲಿಫೋನಿನ ಒಳಭಾಗಗಳಿಂದ ಅದನ್ನು ಕಟ್ಟಿದರು. ಆಚಾರ್ರಿಗೆ ಮಂಡಿ ಮೊಹಲ್ಲಾ ಗೊತ್ತಿಲ್ಲ, ಸಾಹೇಬರಿಗೆ ಆ ಓಣಿ ಗೊತ್ತಿಲ್ಲ. ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ಮುಟ್ಟಿಸಿದವನು ನಾನು. ಗೆಳೆಯನಿಗೆ ಗಿರಣಿಯಿಂದ ರಜೆ ಸಿಗುತ್ತಿರಲಿಲ್ಲ. ನನಗೆ ಕಾಲೇಜಿತ್ತು, ಅಂದರೆ ಬಿಡುವಿತ್ತು.

ಮೊದಲ ಭಾನುವಾರ ಮೇಷ್ಟ್ರ ಮನೆಯ ರೇಡಿಯೋದ ಹಿಂಭಾಗಕ್ಕೆ ತಂತಿ ಚುಚ್ಚಿ ಗೆಳೆಯ ನುಡಿಸಿದ. ಮೂರು ತಂತಿ ಮಾತಾಡಿದವು. ನಾಲ್ಕನೆಯದು, ಎಲ್ಲಕ್ಕಿಂತ ದಪ್ಪನೆಯದು, ಎಲ್ಲಕ್ಕಿಂತ ಕೆಳಗಿನ ಸ್ವರದ್ದು, ಗೋಡೆಯಾಚೆ ಯಾರೋ ಗೊಣಗಿದಂತೆ ಗೊಣಗಿ ಸುಮ್ಮನಾಯಿತು. ಬೇಸ್ ನುಡಿಸುವವನ ಕೈ ಸಾಮಾನ್ಯವಾಗಿ ಎರಡು ತಂತಿಗಳ ನಡುವೆ ಹೆಜ್ಜೆ ಹಾಕುತ್ತದೆ, ಒಂದು ಇಲ್ಲಿ, ಒಂದು ಅಲ್ಲಿ. ಅದರಲ್ಲಿ ಒಂದು ಕೇಳದಿದ್ದರೆ ಹಾಡು ಕುಂಟುತ್ತದೆ. ಕುಂಟಿತು.

ಮೇಷ್ಟ್ರು ಅಕಾರ್ಡಿಯನ್ ತೊಡೆಯ ಮೇಲಿಟ್ಟುಕೊಂಡು ಹೇಳಿದರು:

“ನೋಡಪ್ಪ, ಬ್ಯಾಂಡಲ್ಲಿ ದೊಡ್ಡ ಕೊಂಬು ಊದೋನು ಎರಡನೇ ಹೆಜ್ಜೆಗೆ ಊದ್ದೆ ಹೋದ್ರೆ ಮುಂದೆ ಹೋಗೋ ಕುದುರೆ ಕೂಡ ಎಡವುತ್ತೆ. ಈ ಪೆಟ್ಟಿಗೆಗೆ ಎಡಗಡೆ ಗುಂಡಿಗಳಿವೆ, ಕಾಣ್ತಾ? ಕೆಳಗಿನ ಸ್ವರ ಎಲ್ಲಾ ಇಲ್ಲೇ ಇದೆ. ಇಷ್ಟು ದಿನ ನನ್ನ ಎಡಗೈ ಮಾಡ್ತಿತ್ತು. ಮುಂದಿನ ಭಾನುವಾರ ಬಿಟ್ಟು ಅದರಾಚೆ ಭಾನುವಾರ ಒಂದು ಆರತಕ್ಷತೆ ಇದೆ. ಅಷ್ಟೊತ್ತಿಗೆ ಆ ತಂತಿ ಕೇಳಿದ್ರೆ ನೀನಿರು. ಕೇಳ್ದೆ ಇದ್ರೆ ನನ್ನ ಎಡಗೈ ಇದೆ. ಬೇಜಾರು ಮಾಡ್ಕೋಬೇಡ.”

ಗೆಳೆಯ ಬೇಜಾರು ಮಾಡಿಕೊಂಡ. ದಾರಿಯುದ್ದಕ್ಕೂ ಅವನು ಒಂದೇ ಮಾತು ಹೇಳುತ್ತಿದ್ದ: “ನಂಗೆ ಕೇಳ್ತದಲ್ಲೋ. ಎದೆಗೆ ಒರಗಿಸ್ಕಂಡಾಗ ಪಕ್ಕೆಲುಬಲ್ಲಿ ಕೇಳ್ತದೆ.”

“ನಿನ್ನ ಪಕ್ಕೆಲುಬನ್ನ ಆರತಕ್ಷತೆಗೆ ಬಂದೋರಿಗೆಲ್ಲ ಹಂಚಕ್ಕಾಗುತ್ತೇನೋ? ದೋಷ ರೇಡಿಯೋದ್ದು. ಕೆಳಗಿನ ಸ್ವರ ಹೊತ್ಕೊಂಡು ಬರೋ ಶಕ್ತಿ ಅದಕ್ಕಿಲ್ಲ. ಆಂಪ್ಲಿಫೈಯರ್ ಬೇಕು. ನನಗೆ ಬಿಡು.”

ನನಗೆ ಬಿಟ್ಟ. ಆ ವಾರ ನಾನು ಕಾಲೇಜಿನ ಗ್ರಂಥಾಲಯದಲ್ಲಿ, ಧ್ವನಿಯನ್ನು ದೊಡ್ಡದು ಮಾಡುವ ಗಾಜಿನ ವಾಲ್ವುಗಳ ಬಗ್ಗೆ ಇದ್ದ ಎರಡು ಪುಸ್ತಕಗಳನ್ನು ಓದಿದೆ. ಎರಡು ಪುಸ್ತಕ ಓದಿದವನನ್ನು ಸೋಲಿಸುವುದು ಕಷ್ಟ. ಒಂದರ ವಿರುದ್ಧ ಇನ್ನೊಂದನ್ನು ಬಳಸುತ್ತಾನೆ. ತಿಳಿದದ್ದು ಇಷ್ಟು: ವಾಲ್ವು ಎಷ್ಟೇ ದೊಡ್ಡದಿರಲಿ, ಅದು ಧ್ವನಿಯನ್ನು ಸ್ಪೀಕರಿಗೆ ದಾಟಿಸುವುದು ಒಂದು ಟ್ರಾನ್ಸ್‌ಫಾರ್ಮರಿನ ಮೂಲಕ. ಸ್ವರ ಕೆಳಗಿಳಿದಷ್ಟೂ ಆ ಟ್ರಾನ್ಸ್‌ಫಾರ್ಮರಿನಲ್ಲಿ ಕಬ್ಬಿಣ ಹೆಚ್ಚು ಬೇಕು. ಅಂದರೆ ಬೇಸ್ ಗಿಟಾರಿಗೆ ಆಂಪ್ಲಿಫೈಯರನ್ನು ಕಿವಿಯಿಂದಲ್ಲ, ತಕ್ಕಡಿಯಿಂದ ಆರಿಸಬಹುದು. ಇದು ಸುಳ್ಳಲ್ಲ. ಇದನ್ನು ಸುಳ್ಳೆಂದು ತೋರಿಸಿದವರನ್ನು ನಾನು ಇದುವರೆಗೆ ಕಂಡಿಲ್ಲ.

ಸಾಹೇಬರ ಅಂಗಡಿ ಮಂಡಿ ಮೊಹಲ್ಲಾದಲ್ಲಿ ಮೆಣಸಿನಕಾಯಿ ಮಂಡಿಗೂ ತಗಡಿನ ಡಬ್ಬಿ ಬೆಸೆಯುವವರ ಅಂಗಡಿಗೂ ನಡುವೆ. ಒಳಗೆ ಹೋದವನು ಮೊದಲು ಸೀನಬೇಕು, ಆಮೇಲೆ ಮಾತಾಡಬೇಕು. ಅವರ ಹತ್ತಿರ ಎರಡು ಆಂಪ್ಲಿಫೈಯರ್ ಇದ್ದವು. ದೊಡ್ಡದು ಮುಚ್ಚಿಹೋದ ಒಂದು ಟೂರಿಂಗ್ ಟಾಕೀಸಿನದು. ಸೋರೆಬುರುಡೆಯ ಆಕಾರದ ಎರಡು ವಾಲ್ವು, ಇಟ್ಟಿಗೆಯಷ್ಟು ಟ್ರಾನ್ಸ್‌ಫಾರ್ಮರು, ಜೊತೆಗೆ ಪರದೆಯ ಹಿಂದೆ ಇರುತ್ತಿದ್ದ ಸ್ಪೀಕರು. ಚಿಕ್ಕದನ್ನು ಸಾಹೇಬರೇ ಕಟ್ಟಿದ್ದರು. ಬೆರಳುದ್ದದ ಎರಡು ವಾಲ್ವು, ಒಬ್ಬನೇ ಕಂಕುಳಲ್ಲಿ ಹಿಡಿದು ನಡೆಯಬಹುದಾದ ಪೆಟ್ಟಿಗೆ.

“ಎರಡೂ ತಗೊಂಡ್ಹೋಗಿ ನೋಡಿ ಸಾಮಿ,” ಎಂದರು. “ಒಂದು ನೀವಿಟ್ಕೊಳ್ಳಿ. ಉಳಿದಿದ್ದು ದಟ್ಟಗಳ್ಳಿ ಭಜನೆಯವರಿಗೆ ಜಬಾನ್ ಕೊಟ್ಟಿದ್ದೀನಿ, ಆರತಕ್ಷತೆ ಹಿಂದಿನ ಶನಿವಾರ ಬಂದು ಒಯ್ತಾರೆ. ಆಮೇಲೆ ಬದಲಾಯಿಸ್ಬೇಕು ಅಂದ್ರೆ ಆಗೋಲ್ಲ.”

“ನಿಮ್ಮ ಅಭಿಪ್ರಾಯ ಏನು ಸಾಹೇಬ್ರೆ?”

“ದೊಡ್ಡದು ಗಂಟಲು, ಚಿಕ್ಕದು ನಾಲಿಗೆ. ನಿಮಗೆ ಯಾವುದು ಬೇಕೋ ನೋಡ್ಕೊಳ್ಳಿ.”

ಉಪಮೆ ವಾದವಲ್ಲ. ನಾನು ಎರಡನ್ನೂ ಜಟಕಾಕ್ಕೆ ಹಾಕಿಸಿಕೊಂಡು ನಜರ್‌ಬಾದಿಗೆ ಹೋದೆ.

ಮರುದಿನ ಭಾನುವಾರ ಪರೀಕ್ಷೆ. ನಮ್ಮ ಊರಲ್ಲಿ ಅದಕ್ಕಿಂತ ನಿಷ್ಪಕ್ಷಪಾತವಾದ ಪರೀಕ್ಷೆ ನಡೆದಿರಲಾರದು. ಲಾಯದ ನಡುವೆ ಹಗ್ಗ ಕಟ್ಟಿ ಜಮಖಾನ ಇಳಿಬಿಟ್ಟೆ. ಈಚೆಗೆ ಗೆಳೆಯ, ಎರಡು ಆಂಪ್ಲಿಫೈಯರು, ನಾನು. ಆಚೆಗೆ ಮೂವರು ತೀರ್ಪುಗಾರರು: ಮೇಷ್ಟ್ರು, ಡ್ರಮ್ಮು ಬಾರಿಸುವವರು, ಮತ್ತು ಅಭ್ಯಾಸದ ಹೊತ್ತಿನಲ್ಲಿ ಅಲ್ಲೇ ಕೂತು ಅಕ್ಕಿ ಆರಿಸುತ್ತಿದ್ದ ಮೇಷ್ಟ್ರ ಅಕ್ಕ. ಒಂದೇ ಹಾಡು, ಒಂದೇ ವೇಗ. ಯಾವುದು ನುಡಿಯುತ್ತಿದೆ ಎಂದು ಆಚೆಯವರಿಗೆ ತಿಳಿಯಕೂಡದು. ಐದು ಶೀರ್ಷಿಕೆಗಳಲ್ಲಿ ಅಂಕ: ಜೋರು, ಸ್ಪಷ್ಟತೆ, ಗುಂಯ್‌ಗುಡದಿರುವಿಕೆ, ಮೇಲಿನ ಮೂರು ತಂತಿ, ಕೆಳಗಿನ ತಂತಿ.

ದೊಡ್ಡದು ಜೋರಿನಲ್ಲಿ ಗೆದ್ದಿತು. ಚಿಕ್ಕದು ಸ್ಪಷ್ಟತೆಯಲ್ಲಿ ಸ್ವಲ್ಪ ಮುಂದೆ. ಗುಂಯ್‌ಗುಡುವುದರಲ್ಲಿ ಎರಡೂ ಜೇನುಗೂಡು. ಮೇಲಿನ ತಂತಿಗಳಲ್ಲಿ ದೊಡ್ಡದಕ್ಕೆ ಅರ್ಧ ಅಂಕ ಹೆಚ್ಚು. ಕೆಳಗಿನ ತಂತಿಗೆ ಮೂವರೂ ಎರಡಕ್ಕೂ ಸೊನ್ನೆ ಕೊಟ್ಟಿದ್ದರು.

“ಎರಡೂ ಕುಂಟ್ತವೆ ಕಣಪ್ಪ,” ಎಂದರು ಮೇಷ್ಟ್ರ ಅಕ್ಕ, ಮೊರದಿಂದ ತಲೆಯೆತ್ತದೆ. “ಒಂದು ಜೋರಾಗಿ ಕುಂಟ್ತದೆ, ಇನ್ನೊಂದು ಮೆತ್ತಗೆ ಕುಂಟ್ತದೆ.”

ಈಗ ನನ್ನ ಶಿಕ್ಷಣ ಕೆಲಸ ಮಾಡಿತು. ಚರ್ಚೆಯಲ್ಲಿ ಒಂದು ನಿಯಮವಿದೆ. ಉಭಯ ಪಕ್ಷಗಳೂ ಒಪ್ಪಿದ ವಿಷಯದ ಮೇಲೆ ಸಮಯ ವ್ಯರ್ಥ ಮಾಡಬಾರದು. ಅದನ್ನು ಬದಿಗಿಟ್ಟು ಭಿನ್ನಾಭಿಪ್ರಾಯ ಇರುವಲ್ಲಿ ಹೊಡೆಯಬೇಕು. ಎರಡೂ ಆಂಪ್ಲಿಫೈಯರಿಗೆ ಸಮನಾದ ಅಂಕ ಬಂದ ಸಾಲು ಫಲಿತಾಂಶವನ್ನು ಬದಲಿಸುವುದಿಲ್ಲ. ಆ ಸಾಲಿನ ಮೇಲೆ ನೀಟಾಗಿ ಗೆರೆ ಎಳೆದೆ. ಉಳಿದ ನಾಲ್ಕರಲ್ಲಿ ದೊಡ್ಡದಕ್ಕೆ ಗೆಲುವು.

“ಅಲ್ಲಪ್ಪ, ನಮಗೆ ಬೇಕಾಗಿದ್ದೇ ಆ ತಂತಿ ಅಲ್ವೇ?” ಎಂದರು ಮೇಷ್ಟ್ರು.

“ಸಾರ್, ಇವತ್ತು ಗುಂಡಿ ಅರ್ಧಕ್ಕೆ ಮಾತ್ರ ತಿರುಗಿಸಿದ್ವಿ. ದೊಡ್ಡದ್ರಲ್ಲಿ ಇನ್ನೂ ಅರ್ಧ ಶಕ್ತಿ ಬಾಕಿ ಇದೆ. ಚಿಕ್ಕದ್ರಲ್ಲಿ ಇಲ್ಲ. ಟ್ರಾನ್ಸ್‌ಫಾರ್ಮರ್ ತೂಕ ನೋಡಿ. ಕೆಳಗಿನ ಸ್ವರ ಇವತ್ತಲ್ಲ ನಾಳೆ ಇದ್ರಲ್ಲಿ ಬಂದೇ ಬರ್ಬೇಕು. ಬೇರೆ ದಾರಿ ಇಲ್ಲ.”

ಹತ್ತು ನಿಮಿಷ ಮಾತಾಡಿದೆ. ಡ್ರಮ್ಮಿನವರು ಚಪ್ಪಾಳೆ ತಟ್ಟಿದರು. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿರುವುದೆಲ್ಲ ಬೇಕಾದ ಹೊತ್ತಿಗೆ ಸಾಕ್ಷಿ ಹೇಳಲು ಬರುವುದಿಲ್ಲ. ದೊಡ್ಡದು ನಮ್ಮದೆಂದೂ ಚಿಕ್ಕದು ಭಜನೆಯವರದೆಂದೂ ತೀರ್ಮಾನವಾಯಿತು. ಸೋಮವಾರ ಚಿಕ್ಕದನ್ನು ಸಾಹೇಬರ ಅಂಗಡಿಗೆ ಹಿಂದಿರುಗಿಸಿದೆ. ಗೆಳೆಯ ಮೌನವಾಗಿದ್ದುದನ್ನು ನಾನು ಸಮ್ಮತಿ ಎಂದು ಬರೆದುಕೊಂಡೆ.

ಬುಧವಾರ ಸಂಜೆ ಅಭ್ಯಾಸ. ದೊಡ್ಡದರ ಗುಂಡಿಯನ್ನು ಪೂರ್ತಿ ತಿರುಗಿಸಿದೆವು. ಮೇಲಿನ ಮೂರು ತಂತಿಗಳಿಗೆ ಲಾಯದ ಹೆಂಚುಗಳು ನಡುಗಿದವು, ಒಂದು ಗುಬ್ಬಚ್ಚಿ ಎದ್ದು ಹೊರಗೆ ಹೋಯಿತು. ದಪ್ಪ ತಂತಿ ಮುಟ್ಟಿದರೆ ಅದೇ ಗೊಣಗಾಟ. ಅರ್ಧ ಹಾಡಿಗೆ ಮೇಷ್ಟ್ರು ಕೈ ನಿಲ್ಲಿಸಿದರು. ಅವರಿಗೆ ಕೋಪ ಬಂದಿರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು, ಕೋಪದ ಜೊತೆ ವಾದಿಸಬಹುದು.

“ಸಾಕು ಬಿಡಪ್ಪ. ನಿನ್ನ ಬೆರಳು ಚೆನ್ನಾಗಿದೆ, ತಾಳ ಚೆನ್ನಾಗಿದೆ. ವಾದ್ಯ ಬರ್ಲಿಲ್ಲ. ಭಾನುವಾರ ನನ್ನ ಎಡಗೈ ನೋಡ್ಕೊಳ್ಳುತ್ತೆ. ನೀನು ಬಾ, ಊಟ ಮಾಡ್ಕೊಂಡು ಹೋಗು.”

ಮೇಷ್ಟ್ರು ಮತ್ತು ಡ್ರಮ್ಮಿನವರು ಕಾಫಿಗೆಂದು ಒಳಗೆ ಹೋದರು. ಗೆಳೆಯ ಅಲ್ಲೇ ಕುಳಿತಿದ್ದ. ಏನಾದರೂ ಮಾಡುತ್ತಿರಬೇಕಲ್ಲ, ಸುಮ್ಮನೆ ಶ್ರುತಿ ಮಾಡತೊಡಗಿದ. ಮನೆಯಲ್ಲಿ ಅವನು ಶ್ರುತಿ ಮಾಡುವುದು ಗದ್ದವನ್ನು ಮರಕ್ಕೆ ಒತ್ತಿಕೊಂಡು. ಆಂಪ್ಲಿಫೈಯರ್ ಹಚ್ಚಿ ಅವನು ಶ್ರುತಿ ಮಾಡಿದ್ದು ಅದೇ ಮೊದಲು. ಈ ವಾದ್ಯದ ಕ್ರಮ ಹೀಗಿದೆ: ದಪ್ಪ ತಂತಿಯನ್ನು ಐದನೇ ಮೆಟ್ಟಿಲಲ್ಲಿ ಒತ್ತಿದರೆ ಬರುವ ಸ್ವರವೂ ಅದರ ಪಕ್ಕದ ತಂತಿಯನ್ನು ಒತ್ತದೆ ಮೀಟಿದರೆ ಬರುವ ಸ್ವರವೂ ಒಂದೇ ಆಗಬೇಕು. ಅವನು ಪಕ್ಕದ ತಂತಿ ಮೀಟಿದ. ಲಾಯ ತುಂಬಿತು. ದಪ್ಪ ತಂತಿಯನ್ನು ಐದನೇ ಮೆಟ್ಟಿಲಲ್ಲಿ ಒತ್ತಿ ಮೀಟಿದ. ಗೊಣಗಾಟ. ಮತ್ತೆ ಪಕ್ಕದ್ದು, ಮತ್ತೆ ದಪ್ಪದ್ದು. ಹೀಗೆ ಆರೇಳು ಸಲ. ಆಮೇಲೆ ನನ್ನ ಕಡೆ ನೋಡಿದ.

“ಲೋ, ಇವೆರಡೂ ಒಂದೇ ಸ್ವರ ಕಣೋ.”

“ಸರಿ.”

“ಒಂದೇ ಸ್ವರ. ಅಂಗಿದ್ರೂ ಒಂದು ಕೇಳ್ತದೆ, ಒಂದು ಕೇಳಲ್ಲ. ನೀನು ಕೆಳಗಿನ ಸ್ವರ ಹೊರಕ್ಕೆ ಆಂಪ್ಲಿಫೈಯರ್‌ಗೆ ಶಕ್ತಿ ಇಲ್ಲ ಅಂದೆ. ಸ್ವರ ಒಂದೇ ಆದ್ರೆ ಇದಕ್ಕೆ ಯಾವ ತಂತಿ ಅಂತ ಎಂಗೋ ಗೊತ್ತಾಯ್ತದೆ?”

ನಾನು ಬಾಯಿ ತೆರೆದೆ. ಅಭ್ಯಾಸಬಲದಿಂದ ಮೂರು ಉತ್ತರ ಹೊರಬಂದವು: ಮೆಟ್ಟಿಲು ಸವೆದಿರಬಹುದು, ಬೆರಳು ಸರಿಯಾಗಿ ಒತ್ತಿರಲಿಕ್ಕಿಲ್ಲ, ಮರದ ಆ ಭಾಗ ಹಸಿಯಾಗಿರಬಹುದು. ಮೂರೂ ನನ್ನ ಕಿವಿಗೇ ಕಳಪೆಯಾಗಿ ಕೇಳಿದವು. ಚರ್ಚಾಸ್ಪರ್ಧೆಗಳಲ್ಲಿ ನಾನು ಅನೇಕರನ್ನು ಸೋಲಿಸಿದ್ದೇನೆ. ಇಷ್ಟು ಕಡಿಮೆ ಮಾತಿನಲ್ಲಿ ಯಾರನ್ನೂ ಸೋಲಿಸಿಲ್ಲ. ಆಂಪ್ಲಿಫೈಯರಿಗೆ ಸ್ವರ ಗೊತ್ತು, ತಂತಿ ಗೊತ್ತಿಲ್ಲ. ತಪ್ಪು ಅದು ತಲುಪುವ ಮೊದಲೇ ನಡೆದಿದೆ. ನಾವು ಹತ್ತು ದಿನದಿಂದ ಇಬ್ಬರು ನಿರಪರಾಧಿಗಳ ವಿಚಾರಣೆ ನಡೆಸಿದ್ದೆವು.

“ನೀನು ಇದನ್ನ ಭಾನುವಾರವೇ ಯಾಕೆ ಹೇಳ್ಲಿಲ್ಲ?”

“ನೀನು ಮಾತಾಡ್ತಿದ್ದಲ್ಲೋ.”

ಗುರುವಾರ ಅವನು ಗಿರಣಿಗೆ ಅರ್ಧ ದಿನ ರಜೆ ಬರೆದು, ವಾದ್ಯವನ್ನು ಬೆಡ್‌ಷೀಟಿನಲ್ಲಿ ಸುತ್ತಿಕೊಂಡು ಬಂದ. ಇಬ್ಬರೂ ಮಂಡಿ ಮೊಹಲ್ಲಾಕ್ಕೆ ಹೋದೆವು. ಸೀನಿದೆವು. ಸಾಹೇಬರು ಪೂರ್ತಿ ಕೇಳಿಸಿಕೊಂಡು, ಕನ್ನಡಕ ಹಣೆಗೇರಿಸಿ, ಒಂದು ಸಣ್ಣ ತಿರುಪುಳಿಯನ್ನು ಪಿಕಪ್ಪಿನ ಮೇಲಿಟ್ಟರು. ಅದು ಅಲ್ಲೇ ಅಂಟಿಕೊಂಡು ನಿಂತಿತು.

“ನೋಡಿ, ಮ್ಯಾಗ್ನೆಟ್ಟು. ಕಬ್ಬಿಣ, ಉಕ್ಕು ಅಲ್ಲಾಡಿದ್ರೆ ಇದಕ್ಕೆ ಗೊತ್ತಾಗುತ್ತೆ.” ಆಮೇಲೆ ಅಂಗಡಿಯ ಡಬ್ಬಿಯಿಂದ ಒಂದು ಮ್ಯಾಗ್ನೆಟ್ ತೆಗೆದು ತಂತಿಗಳ ಹತ್ತಿರ ಹಿಡಿದರು. ಮೊದಲ ಮೂರು ತಂತಿ ಅದರ ಕಡೆ ಬಾಗಿದವು. ದಪ್ಪ ತಂತಿ ಇದ್ದಲ್ಲೇ ಇತ್ತು. ಅದನ್ನು ಉಗುರಿನಿಂದ ಕೆರೆದು ನೋಡಿದ ಸಾಹೇಬರು ನಗಲು ಶುರು ಮಾಡಿದರು. ಪಕ್ಕದ ತಗಡಿನ ಅಂಗಡಿಯವರು ಇಣುಕಿ ನೋಡುವಷ್ಟು ನಕ್ಕರು.

“ಅರೆ ಸಾಮಿ! ಹಿತ್ತಾಳೆ! ಹಿತ್ತಾಳೆ ತಂತಿ ಹಾಕ್ಬುಟ್ಟಿದ್ದೀರಾ! ಮ್ಯಾಗ್ನೆಟ್ಟಿನ ಕಣ್ಣಿಗೆ ಹಿತ್ತಾಳೆ ಬೀಳೋದೇ ಇಲ್ಲ. ಇದನ್ನ ನೀವು ಪವರ್‌ಹೌಸಿಗೇ ನೇರವಾಗಿ ಹಚ್ಚಿದ್ರೂ ಕೇಳ್ಸಲ್ಲ.”

“ನೀವು ಹೇಳ್ಬೇಕಿತ್ತಲ್ಲ ಸಾಹೇಬ್ರೆ, ಹಿತ್ತಾಳೆ ಹಾಕ್ಬಾರ್ದು ಅಂತ,” ಎಂದೆ.

“ಗಿಟಾರಿಗೆ ಹಿತ್ತಾಳೆ ಹಾಕ್ತಾರೆ ಅಂತ ನನಗೆ ಕನಸು ಬಿದ್ದಿತ್ತಾ?”

ಅಲ್ಲಿಂದ ಆಚಾರ್ರ ಓಣಿಗೆ. ಅವರು ವೀಣೆಯ ಬುರುಡೆಗೆ ಅರಗು ಹಚ್ಚುತ್ತಿದ್ದರು. ವಿಷಯ ಕೇಳಿ ಅವರಿಗೆ ನಗು ಬರಲಿಲ್ಲ, ಅವಮಾನವಾಯಿತು.

“ಮಂದ್ರಕ್ಕೆ ಹಿತ್ತಾಳೆ ಹಾಕ್ದೆ ಇನ್ನೇನ್ ಹಾಕ್ತಾರೆ ಸ್ವಾಮಿ? ತಂಬೂರಿ ನೋಡಿದ್ದೀರೋ ಇಲ್ವೋ? ಮೂರು ಉಕ್ಕು, ಕೆಳಗಿನ ಷಡ್ಜಕ್ಕೆ ಹಿತ್ತಾಳೆ. ನಮ್ಮಪ್ಪ ಅಂಗೇ ಹಾಕಿದ್ರು, ನಮ್ಮ ತಾತ ಅಂಗೇ ಹಾಕಿದ್ರು. ನೀವು ಬಂದು ನಾಲ್ಕು ತಂತಿ ಅಂದ್ರಿ, ಒಂದು ದಪ್ಪ ಇರ್ಲಿ ಅಂದ್ರಿ. ಹಿತ್ತಾಳೆ ಬ್ಯಾಡ ಅಂತ ಯಾರಾದ್ರೂ ಬಾಯಿ ಬಿಟ್ರಾ?”

ಯಾರೂ ಬಿಟ್ಟಿರಲಿಲ್ಲ. ಆಚಾರ್ರು ಹೇಳಿದ್ದು ಸರಿ, ಸಾಹೇಬರು ಹೇಳಿದ್ದು ಸರಿ. ಅವರಿಬ್ಬರ ನಡುವೆ ಸೈಕಲ್ ತುಳಿದವನು ನಾನು. ನಮ್ಮ ಮನೆಯ ತಂಬೂರಿಯ ಮಂದ್ರದ ತಂತಿ ಹಳದಿಯಾಗಿರುವುದನ್ನು ಹುಟ್ಟಿದಾಗಿನಿಂದ ನೋಡಿದವನಿಗೆ, ಈ ವಾದ್ಯದ ದಪ್ಪ ತಂತಿ ಹಳದಿಯಾಗಿದ್ದುದು ಕಣ್ಣಿಗೆ ಬೀಳಲೇ ಇಲ್ಲ. ಬೇರೆ ಊರಿನವನಾಗಿದ್ದರೆ ಮೊದಲ ದಿನವೇ ಕೇಳುತ್ತಿದ್ದ. ಎಲ್ಲವನ್ನೂ ಸಂದೇಹಿಸುತ್ತೇನೆ ಎಂದು ಹೇಳಿಕೊಳ್ಳುವವನು ಸಂದೇಹಿಸದೆ ಬಿಟ್ಟದ್ದು ತನ್ನ ಮನೆಯ ಮೂಲೆಯಲ್ಲೇ ಇರುತ್ತದೆ. ಇದನ್ನು ನಾನು ಸೋಲು ಎಂದು ದಾಖಲಿಸಲು ಸಿದ್ಧ.

ಗೆಳೆಯ ಇದ್ಯಾವುದನ್ನೂ ಕೇಳುತ್ತಿರಲಿಲ್ಲ. ಅವನು ಆಚಾರ್ರ ಎದುರು ಮಂಡಿಯೂರಿ ಕುಳಿತಿದ್ದ.

“ಆಚಾರ್ರೆ, ಒಳಗೆ ಉಕ್ಕು ಇಟ್ಟು, ಮ್ಯಾಲೆ ತಾಮ್ರ ಸುತ್ತಿದ್ರೆ? ದಪ್ಪಾನೂ ಆಯ್ತದೆ, ಒಳಗೆ ಉಕ್ಕೂ ಇರ್ತದೆ. ಭಾನ್‌ವಾರ ಬ್ಯಾಕು. ಇಲ್ಲಾಂದ್ರೆ ನಾನು ಹೊರಗೆ.”

ಆಚಾರ್ರು ಅವನ ಮುಖ ನೋಡಿದರು. ಹಲಸಿನ ಮರದ ಆ ಬುರುಡೆಯಿಲ್ಲದ ವಾದ್ಯವನ್ನು ನೋಡಿದರು. ಎದ್ದು ಹೋಗಿ ಮೂಲೆಯಲ್ಲಿದ್ದ ತಂತಿ ಸುತ್ತುವ ಚಕ್ರದ ಮೇಲಿನ ಧೂಳು ಒರೆಸಿದರು. ಅಷ್ಟು ಉದ್ದದ ತಂತಿಯನ್ನು ಅವರು ಎಂದೂ ಸುತ್ತಿರಲಿಲ್ಲ. ಉಕ್ಕಿನ ಒಂದು ತುದಿಯನ್ನು ಚಕ್ರಕ್ಕೆ ಸಿಕ್ಕಿಸಿದರು; ಇನ್ನೊಂದು ತುದಿಯನ್ನು ಬಾಗಿಲಾಚೆ ಬೀದಿಯಲ್ಲಿ ಗೆಳೆಯ ಬಿಗಿಯಾಗಿ ಹಿಡಿದು ನಿಂತ. ಬೀದಿಯಲ್ಲಿ ಹೋಗುವವರನ್ನು ತಡೆದು ಸುತ್ತಿ ಹೋಗುವಂತೆ ಹೇಳುವ ಕೆಲಸ ನನ್ನದು. ತಾಮ್ರ ಎರಡು ಸಲ ಜಾರಿತು. ಮೂರನೆಯ ಸಲ ಕೂತಿತು.

ಶುಕ್ರವಾರ ಸಂಜೆ ಸಾಹೇಬರ ಅಂಗಡಿಗೆ ದೊಡ್ಡದನ್ನೂ ಒಯ್ದು ಎರಡನ್ನೂ ಪಕ್ಕಪಕ್ಕ ಇಟ್ಟೆವು. ಮರುದಿನ ಬೆಳಗ್ಗೆ ಭಜನೆಯವರು ಬರುವವರಿದ್ದರು. ಗೆಳೆಯ ಹೊಸ ತಂತಿಯನ್ನು ಮೀಟಿದ. ಅದರ ವರ್ಣನೆ ಮಾಡುವುದಿಲ್ಲ. ಅಂಗಡಿಯ ಕಪಾಟಿನಲ್ಲಿ ಸ್ಕ್ರೂ ತುಂಬಿದ್ದ ಡಬ್ಬಿಗಳೆಲ್ಲ ಒಟ್ಟಿಗೆ ಮಾತಾಡಿದವು ಎಂದರೆ ಸಾಕು.

ಈಗ ನನ್ನ ವಾದಕ್ಕೆ ಬರುತ್ತೇನೆ. ತಂತಿ ಹಿತ್ತಾಳೆಯದಾಗಿತ್ತು ಎಂದ ಮಾತ್ರಕ್ಕೆ ದೊಡ್ಡದು ಮೇಲು ಎಂಬ ನನ್ನ ತೀರ್ಪು ಬಿದ್ದುಹೋಗುವುದಿಲ್ಲ. ಅವೆರಡು ಬೇರೆ ಬೇರೆ ಪ್ರಶ್ನೆಗಳು. ಈಗ ನಾಲ್ಕೂ ತಂತಿ ಕೇಳುತ್ತಿದ್ದವು; ಕಬ್ಬಿಣ ಹೆಚ್ಚಿರುವುದರಲ್ಲಿ ಕೆಳಗಿನ ಸ್ವರ ದುಂಡಗೆ, ಉದ್ದಕ್ಕೆ ಬರುತ್ತಿತ್ತು. ಇದನ್ನು ಹೇಳಿದೆ.

“ಬತ್ತದೆ,” ಎಂದ ಗೆಳೆಯ. “ಆದ್ರೆ ನಿಲ್ಲಲ್ಲ.”

“ಏನು ನಿಲ್ಲಲ್ಲ?”

“ಸ್ವರ. ನಾನು ಬೆರಳು ಎತ್‌ದಾಗ ನಿಲ್ಬೇಕು. ದೊಡ್ಡದ್ರಲ್ಲಿ ನಾನು ನಿಲ್ಲಿಸಿದ್ ಮ್ಯಾಲೂ ಅದು ಒಂದು ಹೆಜ್ಜೆ ಮುಂದಕ್ಕೆ ಹೋಯ್ತದೆ. ಚಿಕ್ಕದು ನನ್ನ ಮಾತು ಕೇಳ್ತದೆ.”

“ಇದು ಸಣ್ಣ ಅಂಗಡಿ ಕಣೋ. ಛತ್ರದಲ್ಲಿ ಜನ ತುಂಬಿದ್ರೆ ಆ ಉದ್ದ ಎಲ್ಲ ಅವರ ಬಟ್ಟೇಲೇ ಹೀರಿಹೋಗುತ್ತೆ. ಜೋರು ಬೇಕಾಗುತ್ತೆ.”

“ಇರ್ಬೋ‌ದು,” ಎಂದವನು ಚಿಕ್ಕದನ್ನು ಕಂಕುಳಲ್ಲಿ ಎತ್ತಿಕೊಂಡ. ನನ್ನ ಐದು ಶೀರ್ಷಿಕೆಗಳಲ್ಲಿ ‘ನಿಲ್ಲಿಸಿದಾಗ ನಿಲ್ಲುವುದು’ ಎಂಬುದು ಇರಲೇ ಇಲ್ಲ ಎಂದು ಆಗ ಗಮನಕ್ಕೆ ಬಂತು. ಇರಬೇಕಿತ್ತೇ ಎಂಬುದು ಚರ್ಚಾಸ್ಪದ.

ಶನಿವಾರ ನಾವು ನಜರ್‌ಬಾದಿಗೆ ಹೋದಾಗ ನಾನು ಮೇಷ್ಟ್ರಿಗೆ ಎಲ್ಲವನ್ನೂ ವಿವರಿಸಲು ಹೊರಟೆ: ಮ್ಯಾಗ್ನೆಟ್ಟು, ತಂಬೂರಿ, ಷಡ್ಜ. ಮೇಷ್ಟ್ರು ಕೈಯೆತ್ತಿದರು.

“ನೀನು ಸ್ವಲ್ಪ ಆ ಬಾಗಿಲ ಹತ್ರ ಕೂತ್ಕೋ ಮರಿ. ಅವನು ನುಡಿಸ್ಲಿ.”

ನುಡಿಸಿದ. ಎರಡು ಹಾಡಾಯಿತು. ಮೇಷ್ಟ್ರ ಎಡಗೈ ಗುಂಡಿಗಳ ಮೇಲೆ ಇದ್ದೇ ಇತ್ತು. ಅವನೂ ನುಡಿಸುತ್ತಿದ್ದ, ಅವರೂ ಒತ್ತುತ್ತಿದ್ದರು. ಕೊನೆಗೆ, “ನಾಳೆ ಆರಕ್ಕೆ ಛತ್ರಕ್ಕೆ ಬಾ. ಮೊದಲ್ನೇ ಹಾಡು ನೋಡ್ತೀನಿ. ಆಮೇಲೆ ಹೇಳ್ತೀನಿ,” ಎಂದರು. ಅಷ್ಟು ಹೊತ್ತು ತಡೆಹಿಡಿದಿದ್ದ ತೀರ್ಪನ್ನು ನಾನು ಜೀವಮಾನದಲ್ಲಿ ಕಂಡಿಲ್ಲ.

ಭಾನುವಾರ ಸಂಜೆ ಛತ್ರದಲ್ಲಿ ನಾನು ವೇದಿಕೆಯ ಎಡಬದಿಗೆ, ಪನ್ನೀರುದಾನಿ ಇಟ್ಟಿದ್ದ ಮೇಜಿನ ಪಕ್ಕ ನಿಂತೆ. ಅಲ್ಲಿಂದ ಮೇಷ್ಟ್ರ ಎಡಗೈ ಕಾಣುತ್ತಿತ್ತು. ಮದುಮಕ್ಕಳು ಬಂದು ಕೂತರು, ಮೊದಲ ಹಾಡು ಶುರುವಾಯಿತು. ಗೆಳೆಯ ಎಲ್ಲರ ಹಿಂದೆ, ಡ್ರಮ್ಮಿನ ಪಕ್ಕ, ತನ್ನ ಬೂಟಿನ ಮೇಲೆ ಕಣ್ಣಿಟ್ಟು ನುಡಿಸುತ್ತಿದ್ದ. ಪಲ್ಲವಿಯುದ್ದಕ್ಕೂ ಮೇಷ್ಟ್ರ ಬೆರಳುಗಳು ಗುಂಡಿಗಳನ್ನು ಒತ್ತುತ್ತಲೇ ಇದ್ದವು. ಚರಣಕ್ಕೆ ಬಂದಾಗ ಒಂದು ಬೆರಳು ಎದ್ದಿತು. ಆಮೇಲೆ ಇನ್ನೊಂದು. ಎರಡನೆಯ ಚರಣದ ಹೊತ್ತಿಗೆ ಆ ಕೈ ಪೆಟ್ಟಿಗೆಯ ಪಟ್ಟಿಯೊಳಗೆ ತಿದಿ ಒತ್ತಲು ಮಾತ್ರ ಇತ್ತು. ಕೆಳಗಿನ ಸ್ವರ ಒಂದು ಹೆಜ್ಜೆಯೂ ತಪ್ಪಲಿಲ್ಲ. ಮೇಷ್ಟ್ರು ಹಿಂದೆ ತಿರುಗಿ ನೋಡಲಿಲ್ಲ. ಬ್ಯಾಂಡಿನವರು ನಡೆಯುವಾಗ ತಿರುಗಿ ನೋಡುವುದಿಲ್ಲ. ಮೂರನೆಯ ಹಾಡು ಮುಗಿದ ಮೇಲೆ ಮಾತ್ರ ಹಾಡಿನ ಪುಸ್ತಕದ ಹಾಳೆ ಮಗುಚುತ್ತ, ಮೈಕಿನಿಂದ ಮುಖ ಸರಿಸಿ ಹೇಳಿದರು:

“ಮುಂದಿನ ವಾರ ನಂಜನಗೂಡಲ್ಲಿದೆ. ನಿಮ್ಮೂರ ಮೇಲೇ ಹೋಗ್ಬೇಕು. ಕಡಕೊಳದಲ್ಲಿ ಹತ್ಕೋ.”

ಹಿಂದಿರುಗುವಾಗ ಜಟಕಾದಲ್ಲಿ ಚಿಕ್ಕ ಆಂಪ್ಲಿಫೈಯರ್ ಗೆಳೆಯನ ತೊಡೆಯ ಮೇಲೆ, ವಾದ್ಯ ನನ್ನ ತೊಡೆಯ ಮೇಲೆ. ಅವನ ಬೆರಳುಗಳು ಪೆಟ್ಟಿಗೆಯ ಮೇಲೆ ಇನ್ನೂ ನಡೆಯುತ್ತಿದ್ದವು. ಎರಡು ಬೀದಿ ದಾಟುವವರೆಗೆ ನಾನು ತಾಳಿಕೊಂಡೆ.

“ಏನೇ ಹೇಳು,” ಎಂದೆ, “ದೊಡ್ಡದು ತಂದಿದ್ರೆ ಕೊನೇ ಸಾಲಿಗೂ ಕೇಳ್ತಿತ್ತು.”

“ಕೊನೇ ಸಾಲ್ನೋರು ಊಟಕ್ಕೆ ಹೊಂಟೋಗಿದ್ರು ಕಣೋ.”

“ಅದು ಉತ್ತರ ಅಲ್ಲ.”

“ಅಲ್ಲ,” ಎಂದು ಅವನು ಒಪ್ಪಿಕೊಂಡ. ಪೆಟ್ಟಿಗೆಯ ವಾಲ್ವುಗಳು ಇನ್ನೂ ಬಿಸಿಯಾಗಿದ್ದವು. ಅವನು ಅದನ್ನು ಎರಡೂ ಕೈಯಿಂದ ತಬ್ಬಿ ಹಿಡಿದಿದ್ದ.